ಬೆಳಗಿದ ತಗಡು

ಅಪ್ಪ ತಾಮ್ರದ ತಗಡಿನ ಮೇಲೆ ಮುಗಿಸದೆ ಬಿಟ್ಟ ಚಿತ್ರವನ್ನು ಅಚ್ಚು ಹಾಕಿಬಿಡಿ ಎಂದು ಹೇಳುವುದಕ್ಕೆ ಫ್ರಾವ್ ಪೆಂಡ್ರಿಯವರಿಗೆ ಹೆಚ್ಚುಕಡಿಮೆ ಒಂದು ಜೀವಮಾನವೇ ಹಿಡಿಯಿತು. ಮ್ಯಾನ್‌ಹೈಮಿನಲ್ಲಿ ನೆಕರ್ ಹೊಳೆಯ ಆಚೆ ದಂಡೆಗೆ ಒಂದು ವೃದ್ಧಾಶ್ರಮ. ಅದರ ಮೂರನೇ ಅಂತಸ್ತಿನಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವರು ಕೂತಿದ್ದರು. ವಯಸ್ಸು ತೊಂಬತ್ತೆರಡು. ಏಪ್ರಿಲ್ ತಿಂಗಳ ಗುರುವಾರ. ಗುರುವಾರವೆಂದರೆ ಅಚ್ಚಿನ ಕೆಲಸದ ಶರಣಪ್ಪ ಅಲ್ಲಿಗೆ ಹೋಗುವ ದಿನ. ಅವರ ಬಾಯಲ್ಲಿ ಅವನು ಯಾವಾಗಲೂ ಹೆರ್, ಎಂದರೆ ಶ್ರೀಯುತ, ಶರಣಪ್ಪ.

"ಹೆರ್ ಶರಣಪ್ಪ, ನಾನು ಯೋಚನೆ ಮಾಡಿ ನೋಡಿದೆ. ಅಪ್ಪ ಸತ್ತು ಎಂಬತ್ತನಾಲ್ಕು ವರ್ಷವಾಯಿತು. ಇನ್ನು ಬಂದು ಅದನ್ನು ಮುಗಿಸುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ."

ಶರಣಪ್ಪ ನಕ್ಕ. ಅವರೂ ನಕ್ಕರು, ನಕ್ಕು ಕೆಮ್ಮಿದರು. ಕೆಮ್ಮು ನಿಂತ ಮೇಲೆ ಕೈವಸ್ತ್ರ ಮಡಿಸುತ್ತ ಅಂದರು, "ನನಗೆ ಅಮ್ಮನ ಮುಖ ನೋಡಬೇಕು. ಒಂದು ಸಲ. ಹಾಕಿಕೊಡುತ್ತೀರಾ?"

ಹಾಕಿಕೊಡುತ್ತೇನೆ ಎಂದ. ಆ ತಗಡನ್ನು ಕೈಯಲ್ಲಿ ಹಿಡಿಯಬಲ್ಲವರು ಅವನನ್ನು ಬಿಟ್ಟರೆ ಈಗ ಯಾರೂ ಉಳಿದಿರಲಿಲ್ಲ. ಅವನಿಗೂ ಎಪ್ಪತ್ತಮೂರು ದಾಟಿತ್ತು.

ಆ ತಗಡಿನ ಕಥೆಯನ್ನು, ಅದನ್ನು ಗೀರಿದವನ ಕಥೆಯನ್ನು ಶರಣಪ್ಪ ಐವತ್ತು ವರ್ಷದಲ್ಲಿ ತುಂಡುತುಂಡಾಗಿ ಕೇಳಿದ್ದ. ಫ್ರಾವ್ ಪೆಂಡ್ರಿಯವರ ತಂದೆ ಹಾರ್ವಿ ಪೆಂಡ್ರಿ ಅಮೆರಿಕದವನು. ಓಹಾಯೋ ಸೀಮೆಯಲ್ಲಿ ಹೊಳೆದಂಡೆಯ ಒಂದು ಸಣ್ಣ ಊರು. ಅಲ್ಲಿ ಗಡಿಯಾರದ ಅಂಗಡಿಯಲ್ಲಿ ಕೂತು ಜೇಬುಗಡಿಯಾರದ ಹಿಂಬದಿಗೆ ಹೆಸರು ಕೆತ್ತುವುದು ಅವನ ಕೆಲಸ. ಹದಿನಾಲ್ಕನೇ ವಯಸ್ಸಿಗೆ ಕೂತವನು ಇಪ್ಪತ್ತನಾಲ್ಕಕ್ಕೆ ಎದ್ದ. ಸತ್ತವರ ಹೆಸರು, ಮದುವೆಯಾಗುವವರ ಹೆಸರು, ಪೆನ್ಶನ್ ಆಗುವ ರೈಲ್ವೆ ಗಾರ್ಡುಗಳ ಹೆಸರು ಕೆತ್ತಿ ಕೆತ್ತಿ ಅವನಿಗೆ ಬೇಸರ ಬಂದಿತ್ತು. ಬಣ್ಣದ ಚಿತ್ರ ಬರೆಯಬೇಕು, ಗೋಡೆಯಗಲ ಬರೆಯಬೇಕು ಅನ್ನುವ ಆಸೆಯೊಂದೇ. ಸಾವಿರದ ಒಂಬೈನೂರ ಮೂರರಲ್ಲಿ ಹಡಗು ಹತ್ತಿ ಮ್ಯೂನಿಕ್ಕಿಗೆ ಬಂದ. ಆ ಕಾಲದಲ್ಲಿ ಚಿತ್ರ ಕಲಿಯಲು ಅಮೆರಿಕದ ಹುಡುಗರು ಹಾಗೆ ಬರುವುದಿತ್ತಂತೆ. ಉಳಿದವರು ಎರಡು ಮೂರು ವರ್ಷ ಬಿಯರ್ ಕುಡಿದು, ಕಲಿತಷ್ಟು ಕಲಿತು ವಾಪಸು ಹೋದರು. ಇವನು ಹೋಗಲಿಲ್ಲ.

ದೊಡ್ಡ ದೊಡ್ಡ ಕ್ಯಾನ್ವಾಸ್ ಬಟ್ಟೆಯ ಮೇಲೆ ದೋಣಿ ಎಳೆಯುವ ಆಳುಗಳನ್ನು ಬರೆದ, ತೋಯ್ದ ಕುದುರೆಗಳನ್ನು ಬರೆದ. ಪ್ರದರ್ಶನಕ್ಕೆ ಕಳಿಸಿದರೆ ಅವನ್ನು ಬಾಗಿಲ ಮೇಲಕ್ಕೆ, ಕತ್ತೆತ್ತಿ ನೋಡಿದರೂ ದೀಪದ ಹೊಳಪಷ್ಟೇ ಕಾಣುವಷ್ಟು ಎತ್ತರಕ್ಕೆ ತೂಗುಹಾಕುತ್ತಿದ್ದರು. ಯಾರೂ ಕೊಳ್ಳಲಿಲ್ಲ. ಹೊತ್ತು ಕಳೆಯಲು ಸಂಜೆ ಕೂತು ತಾಮ್ರದ ತಗಡಿನ ಮೇಲೆ ಸಣ್ಣ ಸಣ್ಣ ಚಿತ್ರ ಗೀರಿ ಕಾಗದಕ್ಕೆ ಅಚ್ಚು ತೆಗೆದಿದ್ದ; ಕಂಚಿನ ಪದಕ ಬಂದದ್ದು ಅವಕ್ಕೆ. ಯಾವ ಕೆಲಸ ಬೇಡವೆಂದು ಸಮುದ್ರ ದಾಟಿ ಬಂದನೋ ಅದೇ ಕೆಲಸ ಅವನ ಕೈ ಹಿಡಿಯಿತು. "ಅಪ್ಪ ಆ ಪದಕವನ್ನು ಬಾಗಿಲು ಬಡಿಯದ ಹಾಗೆ ಸಂದಿಗೆ ಇಡುತ್ತಿದ್ದರಂತೆ" ಎಂದು ಫ್ರಾವ್ ಪೆಂಡ್ರಿ ಹೇಳುತ್ತಿದ್ದರು.

ಮೊದಲನೇ ಮಹಾಯುದ್ಧದಲ್ಲಿ ಜರ್ಮನಿಯ ಎದುರು ಅಮೆರಿಕ ಸೇರಿದ ಮೇಲೆ ವಾರಕ್ಕೊಮ್ಮೆ ಪೊಲೀಸ್ ಠಾಣೆಗೆ ಹೋಗಿ ಸಹಿ ಮಾಡಿ ಬರಬೇಕಾಯಿತು. ತಾಮ್ರ ಸಿಗಲಿಲ್ಲ, ಬ್ರೆಡ್ಡೂ ಸಿಗಲಿಲ್ಲ. ಯುದ್ಧ ಮುಗಿದು ನಾಲ್ಕೈದು ವರ್ಷಕ್ಕೆ ಕಾಲ ತಿರುಗಿತು. ಚಿಕಾಗೋದ ವ್ಯಾಪಾರಿಯೊಬ್ಬ ಇವನ ಅಚ್ಚಿನ ಚಿತ್ರಗಳನ್ನು ತರಿಸಿಕೊಂಡು ಮಾರತೊಡಗಿದ. ಚರ್ಚಿನ ಬಾಗಿಲು, ಹಳೆಯ ಸೇತುವೆ, ಮಂಜಿನಲ್ಲಿ ನಿಂತ ದೋಣಿ. ದುಡ್ಡಿದ್ದವರು ಇಂಥವನ್ನು ಹಜಾರದಲ್ಲಿ ತೂಗುಹಾಕುವುದು ಆಗಿನ ಫ್ಯಾಶನ್ನು. ಎಂಟು ವರ್ಷ ಚೆನ್ನಾಗಿ ನಡೆಯಿತು. ಬಂದರು ಇರುವ ಊರು ಬೇಕೆಂದು ಮ್ಯಾನ್‌ಹೈಮಿಗೆ ಬಂದ. ಐವತ್ತು ದಾಟಿದ ಮೇಲೆ ದೋಣಿಯವನ ಮಗಳನ್ನು ಮದುವೆಯಾದ. ಅವಳ ಹೆಸರು ಗೆರ್ಟ್ರೂಡ್. ಮನೆಯಲ್ಲೇ ಕೂತು ಬಟ್ಟೆ ಹೊಲಿದುಕೊಡುತ್ತಿದ್ದಳು.

ಮದುವೆಯಾದ ವರ್ಷವೇ ಚಿಕಾಗೋದಿಂದ ಮೂರು ಕಟ್ಟಿಗೆಯ ಪೆಟ್ಟಿಗೆ ವಾಪಸು ಬಂದವು. ಮೊಳೆ ಕೂಡ ಕಿತ್ತಿರಲಿಲ್ಲ. ಅಮೆರಿಕದಲ್ಲಿ ಬ್ಯಾಂಕುಗಳೇ ಮುಳುಗುತ್ತಿರುವಾಗ ಮಂಜಿನಲ್ಲಿ ನಿಂತ ದೋಣಿ ಯಾರಿಗೆ ಬೇಕು? ಆ ಪೆಟ್ಟಿಗೆಯ ಹಲಗೆ ಬಿಚ್ಚಿ ಹಾರ್ವಿ ಪೆಂಡ್ರಿ ಮಗಳಿಗೆ ತೊಟ್ಟಿಲು ಮಾಡಿದ. ಆಮೇಲೆ ಕಟುಕರ ಅಂಗಡಿಗೆ, ಬೇಕರಿಗೆ ಬೋರ್ಡು ಬರೆದುಕೊಟ್ಟು ಸಂಸಾರ ಮಾಡಿದ. ಮತ್ತೆ ಹೆಸರು ಬರೆಯುವ ಕೆಲಸ.

ಗೆರ್ಟ್ರೂಡಳಿಗೆ ಕ್ಷಯ ಹತ್ತಿತು. ತಗಡಿನಲ್ಲಿ ಗೆರೆ ಕೊರೆಯಲು ಬಳಸುವ ಆಸಿಡ್ಡಿನ ವಾಸನೆಗೆ ಕೆಮ್ಮು ಏಳುತ್ತದೆಂದು ಅವನು ಮನೆಯಲ್ಲಿ ಆಸಿಡ್ ಬಾಟಲಿಯನ್ನೇ ಇಡಲಿಲ್ಲ. ಆಕೆ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಹೊಲಿಗೆ ಇಟ್ಟುಕೊಂಡು, ಹೊಲಿಯಲಾಗದೆ ಸುಮ್ಮನೆ ಕಿಟಕಿ ನೋಡುವಾಗ, ಎದುರಿಗೆ ಕೂತು ಉಕ್ಕಿನ ಸೂಜಿಯಿಂದ ನೇರವಾಗಿ ತಗಡಿನ ಮೇಲೆ ಗೀರುತ್ತಿದ್ದ. ಒಂದು ಚಳಿಗಾಲವೆಲ್ಲ ಗೀರಿದ. ಮಾರ್ಚಿನಲ್ಲಿ ಆಕೆ ತೀರಿಕೊಂಡಳು. ಮಗಳಿಗೆ ಆಗ ನಾಲ್ಕು ವರ್ಷ.

ಆ ತಗಡಿಗೆ ಡಾಂಬರಿನಂಥ ಕಪ್ಪು ವಾರ್ನಿಶ್ ಬಳಿದು, ಉಳಿದ ಹತ್ತು ತಗಡುಗಳ ಜೊತೆಗೆ ಹಾರ್ವಿ ಪೆಂಡ್ರಿ ಕ್ಲಾಯ್ಬರ್ ಅನ್ನುವವರ ಅಚ್ಚಿನ ಪ್ರೆಸ್ಸಿಗೆ ತಂದಿಟ್ಟ. ಹಿಂಬದಿಗೆ ಒಂದು ಚೀಟಿ ಅಂಟಿಸಿದ್ದ: "ಮುಗಿದಿಲ್ಲ. ಯಾರೂ ಅಚ್ಚು ಹಾಕಬಾರದು." ನಾಲ್ಕು ವರ್ಷಕ್ಕೆ ಅವನೂ ಹೋದ. ಇನ್ನೆರಡು ವರ್ಷಕ್ಕೆ ಎರಡನೇ ಯುದ್ಧದ ಬಾಂಬು ಬಿದ್ದು ಅವರ ಮನೆಯಿದ್ದ ಬೀದಿಯೇ ಉರಿದುಹೋಯಿತು. ಬಣ್ಣದ ಚಿತ್ರ, ಪೆಟ್ಟಿಗೆಯಲ್ಲಿ ವಾಪಸು ಬಂದ ಅಚ್ಚುಗಳು, ಮದುವೆಯ ಫೋಟೋ, ತೊಟ್ಟಿಲು, ಎಲ್ಲ ಹೋದವು. ಹತ್ತು ವರ್ಷದ ಮಗಳು ಹಳ್ಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು, ಅದಕ್ಕೆ ಉಳಿದಳು. ತಗಡುಗಳು ಉಳಿದದ್ದು ಹಿರಿಯ ಕ್ಲಾಯ್ಬರನಿಂದ. ಯುದ್ಧಕ್ಕೆಂದು ಸರಕಾರದವರು ತಾಮ್ರ ಹಿತ್ತಾಳೆ ಕೇಳಿಕೊಂಡು ಬಂದಾಗ ಆತ ಅವನ್ನು ನೆಲಮಾಳಿಗೆಯ ಕಲ್ಲಿದ್ದಿಲ ರಾಶಿಯ ಕೆಳಗೆ ಹುಗಿದಿದ್ದ.

ಹೀಗಾಗಿ ಗೆರ್ಟ್ರೂಡ್ ಎಂಬ ಹೆಂಗಸಿನ ಮುಖ ಈ ಭೂಮಿಯ ಮೇಲೆ ಎಲ್ಲಾದರೂ ಇದ್ದರೆ ಆ ಕಪ್ಪು ವಾರ್ನಿಶ್ಶಿನ ಅಡಿಯಲ್ಲಿ ಮಾತ್ರ ಇತ್ತು. ಮಗಳಿಗೆ ನೆನಪಿದ್ದದ್ದು ಒಂದು ಉಣ್ಣೆಯ ಶಾಲು, ಅದರ ವಾಸನೆ, ಅಷ್ಟೇ. ಆದರೂ ಅಪ್ಪ ಬೇಡವೆಂದು ಬರೆದಿಟ್ಟದ್ದನ್ನು ಮೀರಲು ಆಕೆಗೆ ಮನಸ್ಸಾಗಲಿಲ್ಲ. ಉಳಿದ ಹತ್ತು ತಗಡುಗಳಿಂದ ಎಂಬತ್ತರ ಸುಮಾರಿಗೆ ಇಪ್ಪತ್ತಿಪ್ಪತ್ತು ಪ್ರತಿ ಹಾಕಿಸಿದರು. ಮಾರಾಟವಾಗಲಿಲ್ಲ. ಅಪ್ಪನ ಊರಿನ ಮ್ಯೂಸಿಯಮ್ಮಿಗೆ ಕಾಗದ ಬರೆದರೆ, ಆ ಹೆಸರಿನ ಚಿತ್ರಗಾರ ನಮ್ಮ ದಾಖಲೆಯಲ್ಲಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಆ ಕಾಗದವನ್ನೂ ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು.

ಶರಣಪ್ಪ ಗದಗ-ಬೆಟಗೇರಿಯವನು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಪ್ರೆಸ್ಸಿಗೆ ಸೇರಿದ್ದ. ಅಲ್ಲಿಗೆ ಹೊಸ ಯಂತ್ರ ಕೂಡಿಸಲು ಬಂದ ಜರ್ಮನ್ ಮಿಸ್ತ್ರಿಯೊಬ್ಬ ಇವನ ಕೈ ನೋಡಿ ಮೆಚ್ಚಿ, ಎಪ್ಪತ್ತೈದರಲ್ಲಿ ಮ್ಯಾನ್‌ಹೈಮಿನ ಒಂದು ಕಾರ್ಖಾನೆಗೆ ಕರೆಸಿಕೊಂಡ. ಕಡಿದ ಲೋಹದ ಅಂಚಿಗೆ ಸಣ್ಣ ಮುಳ್ಳಿನಂತೆ ಏಳುತ್ತದಲ್ಲ, ಕಾರ್ಖಾನೆಯವರು ಬರ್ ಅನ್ನುತ್ತಾರಲ್ಲ, ಅದನ್ನು ಕಾನಸಿನಿಂದ ಉಜ್ಜಿ ತೆಗೆಯುವುದು ಅವನ ಕೆಲಸ. ಒಂದು ಬರ್ ಉಳಿದರೂ ಫೋರ್‌ಮನ್ ಬೈಯುತ್ತಿದ್ದ. ಒಂದೇ ವರ್ಷಕ್ಕೆ ಅಲ್ಲಿ ಆಳು ಕಡಿಮೆ ಮಾಡಿದರು. ಆಗ ಕಿರಿಯ ಕ್ಲಾಯ್ಬರ್ ತನ್ನ ಪ್ರೆಸ್ಸಿನಲ್ಲಿ ತಗಡಿಗೆ ಶಾಯಿ ಹಚ್ಚಿ ಒರೆಸುವ ಕೆಲಸಕ್ಕೆ ಇಟ್ಟುಕೊಂಡ.

ಮೊದಲ ದಿನವೇ ಕ್ಲಾಯ್ಬರ್ ಹೇಳಿದ್ದ, ಇಲ್ಲಿ ಎಲ್ಲ ತಿರುಗಾಮುರುಗಾ ಅಂತ. ಆಸಿಡ್ ತಿಂದ ಗೆರೆ ಆಳ, ಗಟ್ಟಿ. ಅದನ್ನು ಹೇಗೆ ಒರೆಸಿದರೂ ನಡೆಯುತ್ತದೆ. ಸೂಜಿಯಿಂದ ಗೀರಿದ್ದು ಹಾಗಲ್ಲ. ನೇಗಿಲು ಹೋದಾಗ ಮಣ್ಣು ಪಕ್ಕಕ್ಕೆ ಏಳುವಂತೆ ಗೆರೆಯ ಪಕ್ಕದಲ್ಲಿ ತಾಮ್ರ ಏಳುತ್ತದೆ, ಕೂದಲಿಗಿಂತ ಸಣ್ಣದು. ಶಾಯಿ ನಿಲ್ಲುವುದು ಅದರ ಬುಡದಲ್ಲಿ. ನೆರಳು, ಮೆತ್ತಗಿನ ಚರ್ಮ, ಕಣ್ಣಿನ ಕೆಳಗಿನ ದಣಿವು, ಎಲ್ಲ ಅದರಿಂದಲೇ. ಪ್ರತಿ ಸಲ ಪ್ರೆಸ್ಸಿನ ಅಡಿ ಹೋದಾಗ ಅದು ಒಂದಿಷ್ಟು ಮಡಿಯುತ್ತದೆ. ಹತ್ತು ಹದಿನೈದು ಪ್ರತಿಗೆ ಮುಗಿದೇ ಹೋಗುತ್ತದೆ. ಕಾರ್ಖಾನೆಯಲ್ಲಿ ಬರ್ ಉಳಿದರೆ ತಪ್ಪು, ಇಲ್ಲಿ ಬರ್ ಹೋದರೆ ಚಿತ್ರವೇ ಹೋದಂತೆ.

ಎಪ್ಪತ್ತೊಂಬತ್ತರಲ್ಲಿ ಗೆರ್ಟ್ರೂಡಳ ತಗಡಿನ ವಾರ್ನಿಶ್ ಬಿರುಕು ಬಿಡುತ್ತಿದೆ ಎಂದು ಕ್ಲಾಯ್ಬರನ ಕಣ್ಣಿಗೆ ಬಿತ್ತು. ಹಳೆಯದನ್ನು ತೆಗೆದು ಹೊಸದು ಬಳಿಯಲು ಶರಣಪ್ಪನಿಗೆ ಕೊಟ್ಟ. ಎರಡು ದಿನ ಟರ್ಪೆಂಟೈನ್ ಬಟ್ಟೆ ಹೊದಿಸಿ ನೆನೆಸಿ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒತ್ತಿ ತೆಗೆದು, ಒಂದು ಬೆಳಗಿನ ಹೊತ್ತು ಬರಿಯ ತಗಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಿಂದ ಗೆರೆ ಗೆರೆಯನ್ನೂ ನೋಡಿದ. ಬರ್ ಇಡಿಯಾಗಿತ್ತು. ಮಧ್ಯಾಹ್ನಕ್ಕೆ ಹೊಸ ವಾರ್ನಿಶ್ ಬಳಿದ. ಫ್ರಾವ್ ಪೆಂಡ್ರಿ ನೋಡಲು ಬರಲಿಲ್ಲ. "ನೋಡಿದರೆ ಕಾಗದದ ಮೇಲೆ ನೋಡುತ್ತೇನೆ. ಈಗ ನೋಡಿದರೆ ಹಾಕಿಸಬೇಕು ಅನ್ನಿಸುತ್ತದೆ" ಎಂದು ಹೇಳಿ ಕಳಿಸಿದ್ದರು.

ಪ್ರೆಸ್ ಮುಚ್ಚಿದಾಗ ಚಿಕ್ಕ ಯಂತ್ರವೊಂದನ್ನೂ ಈ ಹನ್ನೊಂದು ತಗಡುಗಳನ್ನೂ ಶರಣಪ್ಪ ತನ್ನ ಅಪಾರ್ಟ್‌ಮೆಂಟಿನ ಕೆಳಗಿನ ಕೆಲ್ಲರಿಗೆ ತಂದಿಟ್ಟುಕೊಂಡ. ಬಾಡಿಗೆದಾರರು ಸೈಕಲ್ಲು, ಹಳೆಯ ಪೆಟ್ಟಿಗೆ ಇಡುವ ನೆಲಮಾಳಿಗೆಯ ಕೋಣೆ ಅದು. ಹೆಂಡತಿ ಗುರವ್ವ ಆ ಮೂಲೆಗೆ ಹೋದವಳಲ್ಲ. ಗಂಡ ಏನೋ ಚಿತ್ರದ ಅಚ್ಚು ಹಾಕುತ್ತಾನೆ ಎಂದಷ್ಟೇ ಅವಳಿಗೆ ಗೊತ್ತು. ಅವಳು ಕೇಳಲಿಲ್ಲ, ಇವನು ಹೇಳಲಿಲ್ಲ.

ಏಪ್ರಿಲ್ಲಿನಲ್ಲಿ ಒಪ್ಪಿಕೊಂಡ ಕೆಲಸಕ್ಕೆ ಶರಣಪ್ಪ ಕೈ ಹಾಕಿದ್ದು ಸೆಪ್ಟೆಂಬರಿನ ಕೊನೆಗೆ. ಕೈ ನಡುಗುತ್ತಿತ್ತು, ನಡುಕ ಕಡಿಮೆಯಾಗುವ ಗುಳಿಗೆಗೆ ಡಾಕ್ಟರ ಟೆರ್ಮೀನ್, ಭೇಟಿಯ ಸಮಯ, ಸಿಗಲು ಎರಡು ತಿಂಗಳು ಕಾಯಬೇಕಾಯಿತು. ಯಂತ್ರದ ಉಣ್ಣೆಯ ಹಾಸಿಗೆ ನುಸಿ ಹಿಡಿದಿತ್ತು, ಹೊಸದು ತರಿಸಿದ. ಅವಸರ ಮಾಡಿ ಕೆಡಿಸಬಾರದು ಅನ್ನುವುದು ಅವನ ಸ್ವಭಾವ. ಗುರುವಾರ ಗುರುವಾರ ಫ್ರಾವ್ ಪೆಂಡ್ರಿ ಕೇಳುವರು, "ಆಯಿತೇ?" ಇವನು, "ಆಗುತ್ತದೆ." ಆಗಸ್ಟಿನಲ್ಲಿ ಒಮ್ಮೆ ಅವರು, "ನಿಧಾನ ಮಾಡಿ, ನನಗೇನು ಅವಸರ, ಇನ್ನೂ ತೊಂಬತ್ತೆರಡು" ಎಂದಿದ್ದರು.

ಕೊನೆಗೆ ತಗಡಿನ ಮೇಲೆ ಟರ್ಪೆಂಟೈನ್ ಬಟ್ಟೆ ಹೊದಿಸಿ ನೆನೆಯಲು ಬಿಟ್ಟು, ಸರಿಯಾದ ಕಾಗದ ತರಲು ಕಾರ್ಲ್ಸ್‌ರುಹೆಗೆ ಹೋದ. ಮಗಳು ಬಸವೇಶ್ವರಿ ಅಲ್ಲಿದ್ದಳು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಆಸ್ಪತ್ರೆಯಲ್ಲಿ ಕೆಲಸ.

"ಅಪ್ಪಾ, ನಾಳೆ ಹೋಗು. ಇವತ್ತು ಟ್ರೇನ್ ಎಲ್ಲಾ ಫೆರ್‌ಶ್ಪೇಟುಂಗ್ ಇದಾವ. ಲೇಟ್ ಅಂದ್ರ ಲೇಟ್."

"ನಾಳೆ ಖಂಡೇನವಮಿ, ಆಯುಧಪೂಜಿ ಅಲ್ಲವಾ. ನಿಮ್ಮವ್ವ ಒಬ್ಬಾಕೀನ ಕೂತಿರ್ತಾಳ."

"ಮಾರ್ನಿಂಗ್ ಮೊದಲ್ನೇ ಟ್ರೇನ್ ಹಿಡಿ. ನಾನೇ ಬಿಡ್ತೀನಿ, ಫೆರ್‌ಶ್ಪ್ರೋಖನ್, ಪ್ರಾಮಿಸ್."

ಉಳಿದ. ಮರುದಿನ ಹನ್ನೊಂದರ ಹೊತ್ತಿಗೆ ಕಾಗದದ ಸುರುಳಿಯನ್ನು ಕೂಸಿನಂತೆ ಅಪ್ಪಿಕೊಂಡು ಮನೆಗೆ ಬಂದ. ಬಾಗಿಲು ತೆರೆದ ಕೂಡಲೇ ಊದಿನಕಡ್ಡಿಯ ವಾಸನೆ.

"ಬಂದ್ರಿ? ಮೊದಲ ಕಾಲು ತೊಳ್ಕೊಂಡು ಬರ್ರಿ. ನಿಮಗೊಂದು ತೋರಸ್ತೀನಿ" ಎಂದಳು ಗುರವ್ವ. ಮುಖ ಅರಳಿತ್ತು.

ದೇವರ ಮುಂದೆ ಮಣೆಯ ಮೇಲೆ ಅವನ ಸಾಮಾನುಗಳನ್ನು ಸಾಲಾಗಿ ಜೋಡಿಸಿದ್ದಳು. ಸೂಜಿ, ಉಜ್ಜುಗೋಲು, ಭೂತಗನ್ನಡಿ, ಶಾಯಿ ಹಚ್ಚುವ ಉಂಡೆ. ಅಡಿಗೆಮನೆಯ ಚಾಕು ಕತ್ತರಿಗಳೂ ಇದ್ದವು. ನಡುವೆ, ಗೋಡೆಗೆ ಆನಿಸಿ, ತಾಮ್ರದ ಒಂದು ತಗಡು. ಹೊಸ ಕೊಡದಂತೆ ಕೆಂಪಗೆ ಹೊಳೆಯುತ್ತಿತ್ತು. ಅದರ ಮೇಲೆ ಮೂರು ಬೆರಳಿನ ವಿಭೂತಿ, ಕುಂಕುಮ, ಒಂದು ಚೆಂಡುಹೂವು.

ಶರಣಪ್ಪನಿಗೆ ಕಾಗದದ ಸುರುಳಿ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ನೋಡ್ರಿ ಹೆಂಗ ಹೊಳ್ಯಾಕತ್ತೈತಿ! ಎರಡು ತಾಸು ತಿಕ್ಕೇನಿ. ಡಾಂಬರ್ ಬಡದಂಗ ಆಗಿತ್ತು, ಎಷ್ಟ ವರ್ಷದ ಹೊಲಸೋ ಏನೋ."

"ಕೆಳಗ ಯಾಕ ಹೋಗಿದ್ದಿ?"

"ನಿಮ್ಮ ಕೈ ನಡಗತಾವಲ್ಲ. ವರ್ಷಾ ನೀವ ತೊಳ್ಕೋತಿದ್ರಿ, ಈ ಸಲ ನಾ ತೊಳೆದ್ರ ಏನಾತು ಅಂತ. ನಮಗ ಅನ್ನ ಹಾಕಿದ ಸಾಮಾನು. ಹೊಲಸ ಇಟ್ಟು ಪೂಜಿ ಮಾಡ್ಲೇನು?"

"ಏನ ಹಚ್ಚಿ ತಿಕ್ಕಿದಿ?"

"ಮೊದಲ ನಿಮ್ಮ ಆ ವಾಸನಿ ಎಣ್ಣಿ ಬಟ್ಟೀಲೇನ ಒರಸಿದೆ, ಕರೀದೆಲ್ಲಾ ಬಂತು. ಆಮ್ಯಾಲ ಹುಣಸಿಹಣ್ಣು, ಉಪ್ಪು. ಗೆರಿಯೊಳಗಿಂದು ಏನ್ ಮಾಡಿದ್ರೂ ಹೋಗವಲ್ದಾಗಿತ್ತು. ತಂತಿ ನಾರು ತಗೊಂಡು ಗಸಗಸ ತಿಕ್ಕಿದೆ ನೋಡ್ರಿ, ಹೋತು." ಅವಳು ಕೈ ಮುಂದೆ ಚಾಚಿ ತೋರಿಸಿದಳು. ಬೆರಳ ತುದಿ ಹುಣಸೆಹುಳಿಗೆ ಸುಕ್ಕುಗಟ್ಟಿತ್ತು. "ಇನ್ನೂ ಹತ್ತು ಅದಾವಲ್ಲ, ಅವಕ್ಕ ಕೈಲಾಗ್ಲಿಲ್ರಿ. ಮುಂದಿನ ವರ್ಷ ತಿಕ್ಕಿದ್ರಾತು."

ಇಪ್ಪತ್ತಾರು ವರ್ಷ ಅವಳು ಈ ಊರಿನ ಆಫೀಸುಗಳಲ್ಲಿ ನೆಲ ಒರೆಸಿದ್ದಳು. ಯಾರದಾದರೂ ಕೆಲಸಕ್ಕೆ ಅವಳು ಗೌರವ ತೋರಿಸುವುದೆಂದರೆ ಅದನ್ನು ತಿಕ್ಕಿ ತೊಳೆಯುವುದು. ಅದು ಶರಣಪ್ಪನಿಗೆ ಗೊತ್ತಿತ್ತು.

"ಛಲೋ ಆಗೈತಿ" ಎಂದ.

"ಅಷ್ಟ ಅಂದ್ರ ಹೆಂಗ? ನಿಮ್ಮ ಬಾಯಾಗಿಂದ ಮಾತು ಬರಬೇಕಂದ್ರ ಅದಕ್ಕೊಂದು ಬ್ಯಾರೆ ಪೂಜಿ ಮಾಡಬೇಕು ನೋಡ್ರಿ!" ಎಂದು ನಕ್ಕು ಕಾಯಿ ತರಲು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ವಿಭೂತಿ ಒರೆಸಿ ತಗಡನ್ನು ಕೆಳಗೆ ಒಯ್ದ. ಭೂತಗನ್ನಡಿ ಹಿಡಿದು ನೋಡಲು ಅವನಿಗೆ ಅರ್ಧ ತಾಸು ಧೈರ್ಯ ಬರಲಿಲ್ಲ. ಬಂದ ಮೇಲೆ ನೋಡುವಂಥದ್ದು ಹೆಚ್ಚೇನೂ ಇರಲಿಲ್ಲ. ಆದರೂ ಕಾಗದ ನೆನೆಸಿದ, ತಗಡು ಬೆಚ್ಚಗೆ ಮಾಡಿ ಶಾಯಿ ಹಚ್ಚಿದ, ಅಂಗೈಯಿಂದ ಒರೆಸಿದ. ಒರೆಸುವಾಗ ಅವನ ಕೈ ನಡುಗಲಿಲ್ಲ. ಗಾಲಿ ತಿರುವಿ, ಹಾಸು ಎತ್ತಿ, ಕಾಗದದ ಮೂಲೆ ಹಿಡಿದು ಮೆಲ್ಲಗೆ ಸುಲಿದ.

ಕುರ್ಚಿಯ ಕಾಲು ಬಂದಿತ್ತು. ಮಡಿಲಿನ ಬಟ್ಟೆ, ಕತ್ತರಿಯ ಹಿಡಿ, ಒತ್ತಿ ಗೀರಿದ ಗೆರೆಗಳೆಲ್ಲ ತೆಳ್ಳಗಾದರೂ ಬಂದಿದ್ದವು. ಕೊರಳಿಂದ ಮೇಲೆ ಬೂದುಬಣ್ಣ. ಹಂಚಿನ ಮೇಲೆ ದೋಸೆ ಹಿಟ್ಟು ತಿರುವಿದಂತೆ ತಂತಿ ನಾರಿನ ಗೀರು ಸುತ್ತುಸುತ್ತಾಗಿ ಹರಡಿತ್ತು. ಆ ಸುತ್ತಿನ ನಡುವೆ ಒಂದು ಕಿವಿಯ ಅಂಚಿರಬಹುದು, ಅಥವಾ ಕುರ್ಚಿಯ ಬೆನ್ನಿರಬಹುದು.

ಇನ್ನೂ ಎರಡು ಪ್ರತಿ ಹಾಕಿದ. ಶಾಯಿ ಹೆಚ್ಚು ಮಾಡಿದರೆ ಬೂದು ಕಪ್ಪಾಯಿತು, ಕಡಿಮೆ ಮಾಡಿದರೆ ಕಾಗದವೇ ಉಳಿಯಿತು.

ಮಗಳಿಗೆ ಫೋನು ಮಾಡಿದ. ಅವಳು ಪೂರ್ತಿ ಕೇಳಿ, "ಅಪ್ಪಾ, ಅವ್ವಗ ಹೇಳಬ್ಯಾಡ. ಪ್ಲೀಸ್" ಎಂದಳು.

"ಹೇಳಿಲ್ಲ."

"ಆ ಅಜ್ಜಿಗೂ ಹೇಳಬ್ಯಾಡ. ಕೆಲ್ಲರ್‌ದಾಗ ಫೊಯ್‌ಖ್ಟ್ ಇತ್ತು, ತಂಪಿಗೆ ಕಾಪರ್ ಹಾಳಾಗೈತಿ ಅನ್ನು. ಇಲ್ಲಾ ನೀನ ಸೂಜಿ ತಗೊಂಡು ಮತ್ತ ಗೀರು. ನಿನಗ ಬರ್ತದಲ್ಲ."

"ಗೀರಾಕ ಬರ್ತದವಾ. ಆದ್ರ ಅದು ಯಾರ ಮುಖ ಆಗ್ತೈತಿ?"

ಅವನು ಫೋನು ಇಟ್ಟ.

ತಂಪಿಗೆ ಹಾಳಾಯಿತು ಎಂದೇ ಹೇಳುವುದೆಂದು ಅವನು ನಿಶ್ಚಯ ಮಾಡಿದ. ಮುಂದಿನ ಗುರುವಾರದವರೆಗೆ ಆ ಮಾತನ್ನು ಜರ್ಮನ್ ಭಾಷೆಯಲ್ಲಿ ಮನಸ್ಸಿನೊಳಗೇ ಹೇಳಿ ಹೇಳಿ ರೂಢಿ ಮಾಡಿಕೊಂಡ. ಗುರುವಾರ ಹೊರಡುವಾಗ ನೋಡಿದರೆ ಗುರವ್ವ ರೇಷ್ಮೆಯ ಇಳಕಲ್ ಸೀರೆ ಉಟ್ಟು, ಮೇಲೆ ಚಳಿಯ ಕೋಟು ಹಾಕಿ, ಡಬ್ಬಿ ಹಿಡಿದು ನಿಂತಿದ್ದಳು.

"ನಾನೂ ಬರ್ತೀನ್ರಿ. ಐವತ್ತ ವರ್ಷ ಹೊಂಟೀರಿ, ಆ ಮುದುಕೀನ ನಾ ನೋಡೇ ಇಲ್ಲ. ಶೇಂಗಾ ಹೋಳಿಗಿ ಮಾಡೇನಿ."

"ಆಕೀಗೆ ಹಲ್ಲಿಲ್ಲ."

"ನಮಗೇನು ಮೂವತ್ತೆರಡೂ ಅದಾವನು? ಹಾಲಾಗ ಅದ್ದಿ ತಿಂತಾರ. ನಡೀರಿ."

ಬೇಡವೆನ್ನಬೇಕಾದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಟ್ರಾಮಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಚಿತ್ರದ ಕಟ್ಟು ಅವನ ತೊಡೆಯ ಮೇಲೆ, ಹೋಳಿಗೆಯ ಡಬ್ಬಿ ಅವಳ ತೊಡೆಯ ಮೇಲೆ.

ಫ್ರಾವ್ ಪೆಂಡ್ರಿ ಅಂದು ಕೂದಲು ಬಾಚಿಸಿಕೊಂಡಿದ್ದರು. ಕೊರಳಿಗೆ ಒಂದು ಮಣಿಸರ. ಗುರವ್ವನನ್ನು ಕಂಡು ಎದ್ದು ನಿಲ್ಲಲು ನೋಡಿದರು, ಆಗಲಿಲ್ಲ, ಕೈ ಹಿಡಿದುಕೊಂಡರು. ಮೇಜಿನ ಮೇಲಿದ್ದ ಔಷಧದ ಪೆಟ್ಟಿಗೆ, ಲೋಟ, ಪತ್ರಿಕೆ ಎಲ್ಲವನ್ನೂ ಮೊದಲೇ ತೆಗೆಸಿ ಮೇಜನ್ನು ಬರಿದು ಮಾಡಿಸಿದ್ದರು. ಕನ್ನಡಕ ಒರೆಸಿ 'ಸರಿ' ಅಂದರು.

ಶರಣಪ್ಪ ಕಟ್ಟು ಬಿಚ್ಚಿ, ಮೂರರಲ್ಲಿ ಮೊದಲನೆಯದನ್ನು ಅವರ ಮುಂದೆ ಇಟ್ಟ.

ಬಹಳ ಹೊತ್ತು ನೋಡಿದರು. ಕುರ್ಚಿಯ ಕಾಲನ್ನು ಬೆರಳಿನಿಂದ ಮುಟ್ಟದೆ ಗಾಳಿಯಲ್ಲೇ ಸವರಿದರು. ಬೆರಳು ಮಡಿಲಿಗೆ ಬಂತು, ಕತ್ತರಿಗೆ ಬಂತು, ಮೇಲೆ ಹೋಯಿತು, ಅಲ್ಲಿ ನಿಂತಿತು.

"ಇಲ್ಲಿ ಏನಿದೆ?"

"ಫ್ರಾವ್ ಪೆಂಡ್ರಿ, ಕೆಲ್ಲರಿನ ತಂಪು..." ಎಂದು ಅವನು ಶುರು ಮಾಡಿದ.

ಮಾತಿನಲ್ಲಿ ಕೆಲ್ಲರ್ ಎಂದು ಕೇಳಿದ್ದೇ ಗುರವ್ವನಿಗೆ ತನ್ನ ಪಾಲಿನದನ್ನು ಹೇಳುವ ಹೊತ್ತು ಬಂತೆನ್ನಿಸಿತು. ಅವಳಿಗಿದ್ದ ಜರ್ಮನ್ ಎಲ್ಲ ನೆಲ ಒರೆಸುವ ಕೆಲಸದಲ್ಲಿ ಕಲಿತದ್ದು. ಎದೆಯ ಮೇಲೆ ಕೈಯಿಟ್ಟುಕೊಂಡು, ಒಂದೊಂದೇ ಶಬ್ದ ಹುಡುಕಿ, ಗಟ್ಟಿಯಾಗಿ ಹೇಳಿದಳು: ನಾನು ಸ್ವಚ್ಛ ಮಾಡಿದೆ. ಬಹಳ ಕೊಳೆ ಇತ್ತು. ಎರಡು ಗಂಟೆ. ಎಲ್ಲ ಸ್ವಚ್ಛ.

ಫ್ರಾವ್ ಪೆಂಡ್ರಿ ಅವಳ ಮುಖ ನೋಡಿದರು. ಆಮೇಲೆ ಅವಳ ಕೈ ನೋಡಿದರು. ಅರ್ಧ ಶತಮಾನ ಅಚ್ಚಿನ ಪ್ರೆಸ್ಸಿಗೆ ಹೋಗಿ ಬಂದು ಮಾಡಿದವರು ಅವರು. ಬರ್ ಎಂದರೇನು ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಡಾಂಕೆ" ಎಂದರು ಗುರವ್ವನಿಗೆ. ಧನ್ಯವಾದ ಅನ್ನುವ ಆ ಮಾತು ಗುರವ್ವನಿಗೆ ಗೊತ್ತಿತ್ತು. ಅವಳು ತಲೆ ಅಲ್ಲಾಡಿಸಿ, ಡಬ್ಬಿಯ ಮುಚ್ಚಳ ತೆಗೆಯಲು ಹೋದಳು. ಅಷ್ಟರಲ್ಲಿ ಫ್ರಾವ್ ಪೆಂಡ್ರಿಯವರ ಮುಖ ಮತ್ತೊಮ್ಮೆ ಕಣ್ಣಿಗೆ ಬಿದ್ದು ಅವಳ ಕೈ ಅಲ್ಲೇ ನಿಂತಿತು.

"ಹೆರ್ ಶರಣಪ್ಪ" ಎಂದರು ಫ್ರಾವ್ ಪೆಂಡ್ರಿ. ಧ್ವನಿ ಏರಲಿಲ್ಲ. "ಎಪ್ಪತ್ತೊಂಬತ್ತರಲ್ಲಿ ನೀವು ನೋಡಿದ್ದೀರಿ. ನಾನು ಬರಲಿಲ್ಲ, ನೀವು ನೋಡಿದಿರಿ. ನೀವೊಬ್ಬರೇ ಈಗ. ಹೇಳಿ."

"ಏನು ಹೇಳಲಿ?"

"ಹೇಗಿದ್ದಳು ಅಂತ."

ಶರಣಪ್ಪ ನೆನಪು ಮಾಡಿಕೊಂಡ. ಎಲ್ಲವೂ ಬಂತು. ಆ ಬೆಳಗಿನ ಕಿಟಕಿ, ಕ್ಲಾಯ್ಬರನ ಕಾಫಿ ಲೋಟ, ಟರ್ಪೆಂಟೈನಿನ ವಾಸನೆ, ಭೂತಗನ್ನಡಿಯ ಹಿತ್ತಾಳೆಯ ಉಂಗುರ. ತಗಡೂ ಬಂತು. "ಬಲಗೆನ್ನೆಗೆ ಬಹಳ ನವಿರಾಗಿ ಗೀರಿದ್ದರು. ಹದಿನಾರು ಹದಿನೇಳು ಗೆರೆ, ಒಂದರ ಪಕ್ಕ ಒಂದು. ಗದ್ದದ ಕೆಳಗೆ ಬರ್ ದಪ್ಪ. ಅಲ್ಲಿ ಶಾಯಿ ಹೆಚ್ಚು ನಿಲ್ಲುತ್ತದೆ, ಬಟ್ಟೆಯಿಂದ ಒರೆಸಬಾರದು, ಕೈಯಿಂದ ಒರೆಸಬೇಕು ಅಂತ ಅಂದುಕೊಂಡಿದ್ದೆ. ಕಣ್ಣಿನ ರೆಪ್ಪೆಗೆ ಬೇರೆ ಸೂಜಿ. ಸಣ್ಣದು."

ಅವರು ಕಾದರು. "ಅದು ಗೆರೆ, ಹೆರ್ ಶರಣಪ್ಪ. ನಾನು ಮುಖ ಕೇಳಿದೆ."

ಅವನು ಆ ಗೆರೆಗಳನ್ನೆಲ್ಲ ಮನಸ್ಸಿನಲ್ಲಿ ಒಂದೆಡೆ ಕೂಡಿಸಲು ನೋಡಿದ. ಕೆನ್ನೆಯ ಹದಿನಾರು, ರೆಪ್ಪೆಯವು, ಗದ್ದದವು. ಕೂಡಲಿಲ್ಲ. ಆ ಬೆಳಿಗ್ಗೆ ಇಡೀ ಹೊತ್ತು ಅವನು ನೋಡಿದ್ದು ಬರ್ ಇಡಿಯಾಗಿದೆಯೋ ಇಲ್ಲವೋ ಎಂದು. ಭೂತಗನ್ನಡಿ ಕೆಳಗಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಇವಳು ಯಾರು ಎಂದು ಒಮ್ಮೆ ನೋಡಬಹುದಿತ್ತು. ನೋಡಿರಲಿಲ್ಲ.

"ನಗುತ್ತಿದ್ದಳೇ?" ಎಂದು ಅವರು ಸಹಾಯ ಮಾಡುವವರಂತೆ ಕೇಳಿದರು.

ಹೌದು ಎಂದರೆ ಮುಗಿಯುತ್ತಿತ್ತು.

"ಏನ್ ಕೇಳಾಕತ್ತಾರ್ರಿ?" ಗುರವ್ವ ಮೆಲ್ಲಗೆ ಅವನ ತೋಳು ಹಿಡಿದಳು. ಅವಳ ಕಣ್ಣು ಚಿತ್ರದ ಬೂದು ಸುತ್ತುಗಳ ಮೇಲಿತ್ತು. ನಲವತ್ತನಾಲ್ಕು ವರ್ಷ ಪಾತ್ರೆ ಬೆಳಗಿದವಳಿಗೆ ತನ್ನ ಕೈಯ ಸುತ್ತಿನ ಗುರುತು ಹತ್ತಿತ್ತು. "ಇದು ನಾ ತಿಕ್ಕಿದ್ದಲ್ಲೇನ್ರಿ? ನನ್ನ ಕೈಲೆ ಕೆಟ್ಟತೇನು? ಅದಕ ಏನ್ ಸುಮ್ಮ ಇದ್ರಿ ನೀವು ಇಷ್ಟ ದಿನ? ರೀ, ಮಾತಾಡ್ರಿ."

ಆ ಕಡೆ ಒಬ್ಬರು, ಈ ಕಡೆ ಒಬ್ಬಳು, ಇಬ್ಬರೂ ಅವನ ಬಾಯಿ ನೋಡುತ್ತ ಕೂತರು. ಹೊರಗೆ ಕಾರಿಡಾರಿನಲ್ಲಿ ಊಟದ ಗಾಡಿಯ ಗಾಲಿ ಹತ್ತಿರ ಬಂತು. ಬಾಗಿಲು ತೆರೆದು ದಾದಿ ಇಣುಕಿ, ಒಳಗಿನ ಮೂವರನ್ನೂ ನೋಡಿ, ಒಂದು ತಟ್ಟೆಯನ್ನು ಮೇಜಿನ ಮೇಲೆ ಇಟ್ಟಳು. ಚಿತ್ರ, ಬಿಚ್ಚಿದ ಕಟ್ಟು, ಹೋಳಿಗೆಯ ಡಬ್ಬಿ ತುಂಬಿ ಮೇಜಿನಲ್ಲಿ ಬೇರೆ ಜಾಗವಿರಲಿಲ್ಲ. ಸೂಪಿನ ತಟ್ಟೆ ಕಾಗದದ ಮೇಲೆಯೇ ಕೂತಿತು. ಫ್ರಾವ್ ಪೆಂಡ್ರಿ ಅದನ್ನು ಸರಿಸಲಿಲ್ಲ.